ಹಲ್ಲು ಕೀಳಿಸಿದರೆ ರಕ್ತ ನಿಲ್ತಿಲ್ಲವಾ? ಯಾವ ಟೆಸ್ಟ್ ಕೇಳಬೇಕು?

ಜನವಾಡದಿಂದ ಮಾತಾಡ್ತಿದ್ದೀನಿ. ಇವತ್ತು ನೇರವಾಗಿ ಕೇಳ್ತೀನಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹಲ್ಲು ಕೀಳಿಸಿದ ಮೇಲೆ ರಾತ್ರಿಯೆಲ್ಲ ರಕ್ತ ಬಂದಿತ್ತಾ? ಪೆಟ್ಟೇ ಇಲ್ಲದೆ ಹುಡುಗನ ಮೊಣಕಾಲು ಊದ್ತದಾ? ಹುಡುಗಿಗೆ ಮುಟ್ಟು ಏಳು ದಿನ ದಾಟ್ತದಾ? ಮೂರಕ್ಕೂ ಹಿಂದೆ ವಂಶವಾಹಿಯಿಂದ ಬಂದ ರಕ್ತಸ್ರಾವದ ಕಾಯಿಲೆ ಇರಬಹುದು.

ಗಾಯವಾದಾಗ ಮೊದಲು ಪ್ಲೇಟ್‌ಲೆಟ್‌ಗಳು ಅಲ್ಲಿ ಅಂಟಿಕೊಳ್ತಾವ. ಆ ಅಂಟಿನ ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ಆಮೇಲೆ ಉಳಿದ ಫ್ಯಾಕ್ಟರ್‌ಗಳು ಸೇರಿ ಬಲೆ ಹೆಣೆದು ಗಟ್ಟಿ ಮಾಡ್ತಾವ. 8ನೇ ಫ್ಯಾಕ್ಟರ್ ಕಡಿಮೆಯಿದ್ದರೆ ಹಿಮೋಫಿಲಿಯಾ ಎ, 9ನೇದು ಕಡಿಮೆಯಿದ್ದರೆ ಹಿಮೋಫಿಲಿಯಾ ಬಿ. ಎ ಬಗೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರ್ತದ. ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೂ ಬರಬಹುದು.

ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಹೆಣ್ಣು, ಗಂಡು ಇಬ್ಬರಿಗೂ ಬರ್ತದ. 1926ರಲ್ಲಿ ಫಿನ್ಲೆಂಡ್‌ನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಇದನ್ನು ವಿವರಿಸಿದರು. ಅವರು ಮೊದಲು ನೋಡಿದ ಹುಡುಗಿ ಹದಿಹರೆಯದಲ್ಲೇ ಮುಟ್ಟಿನ ರಕ್ತಸ್ರಾವದಿಂದ ತೀರಿಕೊಂಡಳು. ನಮ್ಮ ಕಡೆ ಈಗಲೂ ಎಷ್ಟೋ ಮನೆಗಳಲ್ಲಿ ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಅಂತಾರ. ರಕ್ತಹೀನತೆಗೆ ಕಬ್ಬಿಣದ ಗುಳಿಗೆ ಸಿಗ್ತದ, ರಕ್ತ ಯಾಕೆ ಹೋಗ್ತದ ಅಂತ ಯಾರೂ ಕೇಳಲ್ಲ. ಸೋದರಮಾವ, ಅಕ್ಕನ ಮಗಳು ಅಂತ ಒಳಸಂಬಂಧ ಮಾಡುವ ಮನೆಗಳಲ್ಲಿ ಇದರ ತೀವ್ರ ರೂಪದ ಸಾಧ್ಯತೆ ಇನ್ನೂ ಹೆಚ್ಚು.

ಪತ್ತೆ ಹೆಂಗ? ಬರೀ ಪ್ಲೇಟ್‌ಲೆಟ್ ಎಣಿಸಿದರೆ ಸಾಲದು. ಹಿಮೋಫಿಲಿಯಾದಲ್ಲಿ ಅದು ಸಾಮಾನ್ಯವಾಗೇ ಇರ್ತದ. ಪಿಟಿ, ಎಪಿಟಿಟಿ ಅನ್ನೋ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಬೇಕು, ಅನುಮಾನ ಉಳಿದರೆ ಫ್ಯಾಕ್ಟರ್ ಪರೀಕ್ಷೆ. ವಾನ್ ವಿಲ್ಲೆಬ್ರಾಂಡ್‌ನಲ್ಲಿ ಎಪಿಟಿಟಿ ಕೂಡ ಸರಿ ಬರಬಹುದು, ಅದಕ್ಕೆ ಬೇರೆ ಪರೀಕ್ಷೆ ಅದ. ಬೀದರ್‌ನ ಬ್ರಿಮ್ಸ್‌ನಲ್ಲಿ ಮೊದಲು ವಿಚಾರಿಸ್ರಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಅದ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರೇ ಹಿಮೋಫಿಲಿಯಾ ಇದ್ದವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಹಿಮೋಫಿಲಿಯಾ ಸೇರ್ಯದ.

ಅನುಮಾನ ಇದ್ದರೆ ಆಸ್ಪಿರಿನ್, ಡೈಕ್ಲೋಫಿನಾಕ್ ಗುಳಿಗೆ ನುಂಗಬೇಡ್ರಿ, ಸೊಂಟಕ್ಕೆ ಇಂಜೆಕ್ಷನ್ ಬೇಡ. ಹಲ್ಲು ಕೀಳಿಸುವ ಮುಂಚೆ, ಆಪರೇಷನ್ ಅಥವಾ ಹೆರಿಗೆಗೆ ಮುಂಚೆ ಡಾಕ್ಟರ್‌ಗೆ ಹೇಳಲೇಬೇಕು.

ಈಗ ಫೋನ್ ತೆಗೀರಿ. ಮುಟ್ಟು ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ಮನೆಯಲ್ಲಿ ಇನ್ಯಾರಿಗೆ ರಕ್ತ ನಿಲ್ಲಲಿಲ್ಲ, ಈ ಮೂರು ಸಾಲು ಬರೆದಿಟ್ಟುಕೊಳ್ರಿ. ಡಾಕ್ಟರ್ ಎದುರು ನಾಚಿಕೆಯಾದರೆ ಬಾಯಿಬಿಡೋದು ಬ್ಯಾಡ, ಫೋನ್ ಮುಂದೆ ಹಿಡೀರಿ, ಅಷ್ಟೇ.