ಗಂಜಿ ಎಲ್ಲಿಗೆ ಹೋಗುತ್ತೆ? ಕರುಮತ್ತಂಪಟ್ಟಿ ಸೀಮೆಯ ಬಟ್ಟೆಯಿಂದ ಬಯೋಪ್ರೊಸೆಸ್ ಪಾಠ

ಬಯೋಪ್ರೊಸೆಸ್ ಅಂದ ಕೂಡಲೇ ನೆನಪಾಗೋದು ಪೆನಿಸಿಲಿನ್, ಹೊಳೆಯುವ ಸ್ಟೀಲ್ ಫರ್ಮೆಂಟರ್. ಇವತ್ತು ನಾನು ಬಟ್ಟೆಯಿಂದ ಶುರು ಮಾಡುತ್ತೇನೆ. ಕೊಯಮತ್ತೂರಿನಿಂದ ಅವಿನಾಶಿ ಕಡೆ ಹೊರಟರೆ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿ, ಪಕ್ಕದಲ್ಲೇ ಸೋಮನೂರು. ಪವರ್‌ಲೂಮ್ ಸೀಮೆ ಇದು. (ಕನ್ನಡ ಮನೆಮಾತಿನ ದೇವಾಂಗ ನೇಕಾರರೂ ಕೊಯಮತ್ತೂರು ಭಾಗದಲ್ಲಿದ್ದಾರೆ.)

ಮಗ್ಗದಲ್ಲಿ ಹಾಸಿನ ನೂಲು ಉಜ್ಜಿ ತುಂಡಾಗದಿರಲಿ ಅಂತ ಅದಕ್ಕೆ ಗಂಜಿ ಹಾಕುತ್ತಾರೆ. ಬಣ್ಣಕ್ಕೆ ಮೊದಲು ಆ ಗಂಜಿ ಹೋಗಬೇಕು. ಆಮ್ಲ ಹಾಕಿದರೆ ಪಿಷ್ಟ ಒಡೆಯುತ್ತದೆ, ಆದರೆ ಹತ್ತಿಯೂ ಸವೆಯುತ್ತದೆ. ಎರಡೂ ಗ್ಲೂಕೋಸ್ ಸರಪಳಿಗಳೇ ಅಲ್ವಾ? ವ್ಯತ್ಯಾಸ ಕೊಂಡಿಯಲ್ಲಿದೆ: ಪಿಷ್ಟದ್ದು ಆಲ್ಫಾ, ಸೆಲ್ಯುಲೋಸಿನದು ಬೀಟಾ. ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ಪಡೆಯುವ ಆಲ್ಫಾ ಅಮೈಲೇಸ್ ಮೊದಲನೆಯದನ್ನು ಮಾತ್ರ ಕತ್ತರಿಸುತ್ತದೆ. ನೂಲಿಗೆ ಪೆಟ್ಟಿಲ್ಲ.

ಇಲ್ಲಿಗೇ ಪಾಠ ನಿಲ್ಲಿಸುವುದು ವಾಡಿಕೆ. ಆದರೆ ಗಂಜಿ ಮಾಯವಾಗಿಲ್ಲ, ನೀರಿಗಿಳಿದಿದೆ. ಲೆಕ್ಕ ನೋಡಿ: ಪಿಷ್ಟದ ಒಂದು ಘಟಕದ ತೂಕ 162, ಅದನ್ನು ಪೂರ್ತಿ ಉರಿಸಲು 6 ಆಮ್ಲಜನಕ ಅಣು, ಅಂದರೆ 192. ಒಂದು ಕಿಲೋ ಗಂಜಿಗೆ ಸುಮಾರು 1.2 ಕಿಲೋ ಆಮ್ಲಜನಕ. ಅಷ್ಟನ್ನು ಹೊಳೆಯಿಂದ ಕಸಿಯಬೇಕು, ಇಲ್ಲವೇ ನಾವೇ ತೊಟ್ಟಿಯಲ್ಲಿ ಗಾಳಿ ಊದಿ ಕೊಡಬೇಕು.

ಆ ತೊಟ್ಟಿಯೇ ನಿಜವಾದ ರಿಯಾಕ್ಟರ್: 1914ರಲ್ಲಿ ಮ್ಯಾಂಚೆಸ್ಟರ್‌ನ ಆರ್ಡರ್ನ್ ಮತ್ತು ಲಾಕೆಟ್ ವರದಿ ಮಾಡಿದ ಆಕ್ಟಿವೇಟೆಡ್ ಸ್ಲಡ್ಜ್. ನೀರು ತೊಟ್ಟಿಯಲ್ಲಿ ಒಂದೇ ದಿನ ಇರುತ್ತದೆ, ಬ್ಯಾಕ್ಟೀರಿಯಾ ದಿನಕ್ಕೆ 0.5ರ ದರದಲ್ಲಿ ಬೆಳೆಯುತ್ತದೆ ಅಂದುಕೊಳ್ಳಿ. ಕೀಮೋಸ್ಟ್ಯಾಟ್ ಆಗಿದ್ದರೆ ಜೀವಕೋಶಗಳೆಲ್ಲ ಕೊಚ್ಚಿಹೋಗುತ್ತವೆ. ಅದಕ್ಕೇ ಕೆಸರನ್ನು ತಳಕ್ಕಿಳಿಸಿ ಮತ್ತೆ ಒಳಗೆ ಕಳಿಸುತ್ತಾರೆ. ನೀರು ಒಂದು ದಿನದಲ್ಲಿ ಹೊರಗೆ, ಕೆಸರಿನ ವಯಸ್ಸು ಹತ್ತು ದಿನ. ಆಗ ಅವು ದಿನಕ್ಕೆ 0.1ರಷ್ಟು ಬೆಳೆದರೂ ಸಾಕು. ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಚೆಂದದ ಉಪಾಯ ಇದು.

ಇನ್ನು ಸ್ವಲ್ಪ ಮುಂದೆ ತಿರುಪ್ಪೂರಿಗೆ ಬನ್ನಿ. ಅಲ್ಲಿನದು ನಿಟ್ಟಿಂಗ್ ಬಟ್ಟೆ, ಗಂಜಿಯೇ ಇಲ್ಲ. ಇರೋದು ಉಪ್ಪು. ರಿಯಾಕ್ಟಿವ್ ಬಣ್ಣ ಹತ್ತಿಗೆ ಹತ್ತಲು ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಬೇಕು. ಅದನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಉರಿಸಲು ಅದರಲ್ಲಿ ಇಂಗಾಲವೇ ಇಲ್ಲ. ಬಿಒಡಿ ಎಷ್ಟೇ ಇಳಿದರೂ ಉಪ್ಪು ನೊಯ್ಯಲ್ ನದಿಗೆ ಹೋಯಿತು, ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತಿತು, ಕೆಳಗಿನ ರೈತರು ಕೋರ್ಟ್ ಮೆಟ್ಟಿಲೇರಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್, ಹೊರಗೆ ಹನಿಯೂ ಬಿಡದ ವ್ಯವಸ್ಥೆ ಇಲ್ಲದ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು.

ಈಗ ಜೈವಿಕ ತೊಟ್ಟಿಯ ಹಿಂದೆ ರಿವರ್ಸ್ ಆಸ್ಮೋಸಿಸ್, ಅದರ ಹಿಂದೆ ಇವಾಪೊರೇಟರ್. ಅಲ್ಲಿ ನೀರನ್ನು ಕುದಿಸಿಯೇ ಉಪ್ಪು ಬೇರ್ಪಡಿಸಬೇಕು. ಘಟಕದ ಶಕ್ತಿಯ ಖರ್ಚು ಏರುವುದೇ ಅಲ್ಲಿ.