ನಮಗೆ ನಾವೇ ಏನು ಹೇಳಿಕೊಳ್ಳಬೇಕು?

2021ರ ಫ್ರೆಂಚ್ ಓಪನ್ ಟೆನಿಸ್ ಫೈನಲ್‌ನಲ್ಲಿ ನೊವಾಕ್ ಜೊಕೊವಿಚ್ ಮೊದಲ ಎರಡು ಸೆಟ್‌ಗಳನ್ನು ಎದುರಾಳಿ ಸಿಟ್ಸಿಪಾಸ್‌ಗೆ ಬಿಟ್ಟುಕೊಟ್ಟಿದ್ದರು. ಆಮೇಲಿನ ಮೂರನ್ನೂ ಗೆದ್ದು ಟ್ರೋಫಿ ಎತ್ತಿದರು. ಪಂದ್ಯ ಮುಗಿದ ಮೇಲೆ ಅವರು ನೆನಪಿಸಿಕೊಂಡದ್ದು ಒಳಗಿನ ಎರಡು ದನಿಗಳನ್ನು. ಕಥೆ ಮುಗಿಯಿತು ಎನ್ನುವ ದನಿ ಎರಡನೇ ಸೆಟ್‌ನ ನಂತರ ಜೋರಾಗಿತ್ತಂತೆ. ಆಗುತ್ತದೆ ಎನ್ನುವ ಇನ್ನೊಂದು ದನಿಯನ್ನು ಅವರೇ ಮತ್ತೆ ಮತ್ತೆ ಹೇಳಿಕೊಂಡು ಗಟ್ಟಿಮಾಡಿಕೊಂಡರು.

ಹಾಗೆಂದು ಕನ್ನಡಿ ಮುಂದೆ ನಿಂತು ‘ನಾನೇ ಶ್ರೇಷ್ಠ’ ಎಂದು ಜಪ ಮಾಡಿದರೆ ಎಲ್ಲರಿಗೂ ಫಲ ಸಿಗುವುದಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನಾನು ಪ್ರೀತಿಗೆ ಅರ್ಹ’ ಎಂಬರ್ಥದ ಸಾಲನ್ನು ಪದೇ ಪದೇ ಹೇಳಿಕೊಂಡ ಕೀಳರಿಮೆಯವರ ಮನಸ್ಸು ಹಾಗೆ ಹೇಳಿಕೊಳ್ಳದ ಕೀಳರಿಮೆಯವರಿಗಿಂತ ಹೆಚ್ಚು ಕುಗ್ಗಿತ್ತು. ಮನಸ್ಸು ಒಪ್ಪದ ಮಾತನ್ನು ನಾಲಿಗೆ ಆಡಿದರೆ ಒಳಗಿನಿಂದ ‘ಸುಳ್ಳು’ ಎಂಬ ಉತ್ತರ ಬರುತ್ತದೆ. ಯಾರಿಗೆ ಧೈರ್ಯ ಹೆಚ್ಚು ಬೇಕೋ ಅವರಿಗೇ ಈ ಮದ್ದು ತಿರುಗಿಬೀಳುತ್ತದೆ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ನಂಬಲು ಕಷ್ಟವಿಲ್ಲದ ಮಾತೊಂದಿದೆ: ಮುಂದೇನು ಮಾಡಬೇಕು ಎಂಬ ಸೂಚನೆ. ಗ್ರೀಸ್‌ನ ಸಂಶೋಧಕರು 2011ರಲ್ಲಿ ಕ್ರೀಡೆಗೆ ಸಂಬಂಧಿಸಿದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸ್ವಗತ ಆಟವನ್ನು ಸುಧಾರಿಸುವುದು ನಿಜವೆಂದು ಕಂಡಿತು. ನಿಖರತೆ ಬೇಡುವ ಕೆಲಸಗಳಲ್ಲಿ ಹುರಿದುಂಬಿಸುವ ಮಾತಿಗಿಂತ ಸೂಚನೆಯೇ ಹೆಚ್ಚು ನೆರವಾಗಿತ್ತು. ‘ಚೆಂಡು ನೋಡು’, ‘ಉಸಿರು ಬಿಡು’ ಎಂಬಷ್ಟು ಚಿಕ್ಕ ಮಾತು ಸಾಕು. ಪರೀಕ್ಷಾ ಕೊಠಡಿಯಲ್ಲಿ ಅದು ‘ಪ್ರಶ್ನೆ ಪೂರ್ತಿ ಓದು’ ಎಂದಾಗುತ್ತದೆ. ನಮ್ಮದೇ ಹೆಸರು ಹಿಡಿದು ಹೇಳಿಕೊಂಡರೆ ಇನ್ನೂ ಒಳ್ಳೆಯದು. ಭಾಷಣದಂಥ ಒತ್ತಡಕ್ಕೆ ಮುಂಚೆ ತಮ್ಮನ್ನೇ ಹೆಸರಿನಿಂದ ಕರೆದುಕೊಂಡವರು ‘ನಾನು, ನಾನು’ ಎಂದವರಿಗಿಂತ ಚೆನ್ನಾಗಿ ನಿಭಾಯಿಸಿದ್ದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಅವರ ತಂಡ 2014ರಲ್ಲಿ ವರದಿ ಮಾಡಿತು. ಹೆಸರು ಹಿಡಿದಾಗ ನಮ್ಮ ಕಷ್ಟವನ್ನು ಗೆಳೆಯನ ಕಷ್ಟದಂತೆ ತುಸು ದೂರದಿಂದ ನೋಡಲಾಗುತ್ತದೆ.

ಈ ಒಳದನಿ ಹುಟ್ಟುವುದಾದರೂ ಎಲ್ಲಿ? ಪುಟ್ಟ ಮಕ್ಕಳು ಆಡುತ್ತ ತಮ್ಮಷ್ಟಕ್ಕೇ ಜೋರಾಗಿ ಮಾತಾಡಿಕೊಳ್ಳುವುದನ್ನು ನೋಡಿದ್ದೀರಿ. ಬೆಳೆಯುತ್ತ ಆ ಮಾತೇ ಒಳಗಿಳಿದು ಯೋಚನೆಯಾಗುತ್ತದೆ, ಅದರ ಬೇರು ದೊಡ್ಡವರೊಂದಿಗಿನ ಮಾತುಕತೆಯಲ್ಲಿದೆ ಎಂದವರು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ. ‘ನಿನ್ನ ಕೈಲಿ ಏನಾಗತ್ತೆ?’ ಎಂದು ದಿನವೂ ಕೇಳಿಸಿಕೊಳ್ಳುವ ಮಗು ನಾಳೆ ತನಗೆ ತಾನು ಅದನ್ನೇ ಹೇಳಿಕೊಂಡರೆ ಆಶ್ಚರ್ಯವಿಲ್ಲ. ಅದಕ್ಕೇ ಮುಂದಿನ ಸಲ ಮಗುವಿನ ಅಂಕಪಟ್ಟಿ ನಿಮ್ಮ ಕೈಗೆ ಬಂದಾಗ, ‘ಎಲ್ಲಿ ತಪ್ಪಿತು, ಒಟ್ಟಿಗೆ ನೋಡೋಣ ಬಾ’ ಎಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.