ಗರ್ಭಕಂಠದ ಕ್ಯಾನ್ಸರ್: ತಪಾಸಣೆಗೆ ಸಂಕೋಚವೇಕೆ?

ಅಂಗಡಿಯ ಕೀರ್ದಿ-ಖಾತೆಗಳನ್ನು ವರ್ಷಕ್ಕೊಮ್ಮೆ ತಪ್ಪದೆ ತಾಳೆ ನೋಡುವವರು ನಾವು. ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ರಾತ್ರಿ ಕುಳಿತು ಹುಡುಕುತ್ತೇವೆ. ಆದರೆ ಮನೆಯನ್ನು ನಡೆಸುವ ತಾಯಿಯ, ಹೆಂಡತಿಯ, ಸೊಸೆಯ ಆರೋಗ್ಯದ ಲೆಕ್ಕವನ್ನು ಅವರು ಹಾಸಿಗೆ ಹಿಡಿಯುವವರೆಗೂ ತೆರೆಯುವುದಿಲ್ಲ. ಗರ್ಭಕೋಶದ ತೊಂದರೆಯೆಂದರಂತೂ ಬಾಯಿಂದ ಮಾತೇ ಹೊರಡುವುದಿಲ್ಲ. ಈ ಮೌನದ ಬೆಲೆ ದೊಡ್ಡದು. ಭಾರತದಲ್ಲಿ ಪ್ರತಿವರ್ಷ 1,20,000ಕ್ಕೂ ಹೆಚ್ಚು ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, 75,000ಕ್ಕೂ ಹೆಚ್ಚು ಮಂದಿ ಅದರಿಂದ ಸಾಯುತ್ತಾರೆ ಎಂದು ಅಂದಾಜು. ದುಃಖದ ಸಂಗತಿಯೆಂದರೆ, ಬರುವ ಮೊದಲೇ ತಡೆಯಬಹುದಾದ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೂ ಒಂದು.

ರೋಗ ಬರುವ ಬಗೆ

ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗವೇ ಗರ್ಭಕಂಠ. ಇಲ್ಲಿ ಬರುವ ಕ್ಯಾನ್ಸರ್‌ಗೆ ಬಹುತೇಕ ಎಲ್ಲರಲ್ಲೂ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್.ಪಿ.ವಿ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಜೀವಕೋಶಗಳನ್ನು ಕೆಡಿಸುತ್ತದೆ. ಆ ಕೆಡುಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಇಷ್ಟು ಉದ್ದದ ವಾಯಿದೆ ಕೊಡುವ ರೋಗಗಳು ವಿರಳ.

"ಶುದ್ಧ ಆಹಾರ, ವ್ರತ-ನಿಯಮ, ಒಳ್ಳೆಯ ನಡತೆಯ ಮನೆತನ ನಮ್ಮದು, ಇಂಥ ರೋಗ ನಮಗೇಕೆ ಬಂದೀತು?" ಎನ್ನುವವರುಂಟು. ಇದು ತಪ್ಪು ತಿಳಿವಳಿಕೆ. ಮದುವೆಯಾದ ಯಾವ ಹೆಣ್ಣುಮಗಳಿಗೂ, ಒಬ್ಬನೇ ಪತಿಯೊಡನೆ ಬಾಳಿದವಳಿಗೂ, ಈ ವೈರಸ್ ತಗಲಬಹುದು. ಅದು ಯಾರ ಶೀಲಕ್ಕೂ ಕಳಂಕವಲ್ಲ. ರೋಗಕ್ಕೆ ನಾಚಿಕೆಯನ್ನು ಅಂಟಿಸಿದ್ದರಿಂದಲೇ ಎಷ್ಟೋ ಸಹೋದರಿಯರು ಕೊನೆಯ ಹಂತದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ಚಿಕ್ಕ ವಯಸ್ಸಿನ ಮದುವೆ, ಹಲವು ಹೆರಿಗೆ, ಧೂಮಪಾನ, ಬಹುಕಾಲ ನುಂಗಿದ ಗರ್ಭನಿರೋಧಕ ಗುಳಿಗೆ, ಎಚ್.ಐ.ವಿ. ಸೋಂಕು ಇವು ಅಪಾಯವನ್ನು ಹೆಚ್ಚಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಒಮ್ಮೆಯೂ ತಪಾಸಣೆ ಮಾಡಿಸದೇ ಇರುವುದು.

ನೆರೆಯ ಜಿಲ್ಲೆಯ ಸಾಕ್ಷಿ

ತಪಾಸಣೆಯಿಂದ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿರುವ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ, ಪಕ್ಕದ ಉಸ್ಮಾನಾಬಾದ ಜಿಲ್ಲೆಯಲ್ಲಿ (ಈಗಿನ ಧಾರಾಶಿವ) 1999ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿದವು. 30ರಿಂದ 59 ವರ್ಷದ 1,31,000ಕ್ಕೂ ಹೆಚ್ಚು ಹಳ್ಳಿಯ ಮಹಿಳೆಯರು ಅದರಲ್ಲಿದ್ದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂಟು ವರ್ಷಗಳಲ್ಲಿ, ತಪಾಸಣೆಗೆ ಕರೆಯದ ಸುಮಾರು 31,000 ಮಹಿಳೆಯರಲ್ಲಿ 64 ಜನ ಈ ಕ್ಯಾನ್ಸರ್‌ನಿಂದ ಸತ್ತಿದ್ದರು. ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆಗೆ ಕರೆದ 34,000 ಮಹಿಳೆಯರ ಗುಂಪಿನಲ್ಲಿ ಸತ್ತವರು 34. ಅಂದರೆ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಇವರು ಹೊರದೇಶದವರಲ್ಲ; ನಮ್ಮ ಅಂಗಡಿಗಳಿಗೆ ಸಂತೆಯ ದಿನ ಬರುವಂಥ ಹೆಣ್ಣುಮಕ್ಕಳು.

ಮುಂಬಯಿಯ ಕೊಳೆಗೇರಿಗಳಲ್ಲಿ, ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ ನೋಡುವ ಸರಳ ಪರೀಕ್ಷೆಯನ್ನು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ ನಡೆಸಿದರು. ಪರೀಕ್ಷಿಸಿದವರು ಹತ್ತನೇ ತರಗತಿ ಓದಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಅಲ್ಲಿಯೂ ಸಾವು ಶೇ. 31ರಷ್ಟು ಕಡಿಮೆಯಾಯಿತು.

ತಪಾಸಣೆ ಹೇಗೆ, ಯಾವಾಗ?

ಪರೀಕ್ಷೆಗಳು ಮೂರು. ಮೊದಲನೆಯದು ಪ್ಯಾಪ್ ಸ್ಮಿಯರ್: ಗರ್ಭಕಂಠದಿಂದ ಜೀವಕೋಶಗಳನ್ನು ಮೆಲ್ಲನೆ ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಎರಡನೆಯದು ಮೇಲೆ ಹೇಳಿದ ಆಮ್ಲ ಪರೀಕ್ಷೆ: ಕೆಟ್ಟ ಜಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಮೂರನೆಯದು ಎಚ್.ಪಿ.ವಿ. ಪರೀಕ್ಷೆ, ಎಲ್ಲಕ್ಕಿಂತ ನಂಬಿಗಸ್ಥವಾದದ್ದು ಇದೇ. ಯಾವುದಕ್ಕೂ ಅರಿವಳಿಕೆ ಬೇಡ, ಕೊಯ್ಯುವುದಿಲ್ಲ, ಕೆಲವೇ ನಿಮಿಷಗಳ ಕೆಲಸ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು. ಲೇಡಿ ಡಾಕ್ಟರೇ ನೋಡಲಿ ಎಂದು ಕೇಳಲು ಹಿಂಜರಿಯಬೇಕಿಲ್ಲ.

30 ವರ್ಷ ತುಂಬಿದ ಮೇಲೆ ಪ್ಯಾಪ್ ಅಥವಾ ಆಮ್ಲ ಪರೀಕ್ಷೆಯಾದರೆ ಮೂರು ವರ್ಷಕ್ಕೊಮ್ಮೆ, ಎಚ್.ಪಿ.ವಿ. ಪರೀಕ್ಷೆಯಾದರೆ 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಟ್ಟು ನಿಂತವರಲ್ಲಿ ಆಮ್ಲ ಪರೀಕ್ಷೆ ಸರಿಯಾಗಿ ತೋರದು. ಅವರಿಗೆ ಉಳಿದೆರಡರಲ್ಲಿ ಒಂದು ಒಳ್ಳೆಯದು. "ಯಜಮಾನರು ಹೋಗಿ ಹದಿನೈದು ವರ್ಷವಾಯಿತು, ನನಗಿನ್ನೇನು ಪರೀಕ್ಷೆ?" ಎನ್ನುವ ತಾಯಂದಿರಿಗೂ ತಪಾಸಣೆ ಬೇಕು. ವೈರಸ್ ವರ್ಷಾನುಗಟ್ಟಲೆ ಸದ್ದಿಲ್ಲದೆ ಇರಬಲ್ಲದು.

ಪರೀಕ್ಷೆಯಲ್ಲಿ ದೋಷ ಕಂಡರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ಕೆಟ್ಟ ಭಾಗವನ್ನಷ್ಟೇ ಅತಿ ತಂಪಿನಿಂದಲೋ ಶಾಖದಿಂದಲೋ ನಾಶಮಾಡಿ, ಅನೇಕರನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ಬಿಳಿ ಹೋಗುತ್ತದೆ ಎಂದ ಮಾತ್ರಕ್ಕೆ, ಕ್ಯಾನ್ಸರ್ ಹೆದರಿಕೆಯಿಂದ ಗರ್ಭಕೋಶವನ್ನೇ ತೆಗೆಸುವುದು ಸಲ್ಲದು. ಬೀಡ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರಿಗೆ ಅನವಶ್ಯಕವಾಗಿ ಇಂಥ ಶಸ್ತ್ರಚಿಕಿತ್ಸೆಗಳಾದ ಸುದ್ದಿ 2019ರಲ್ಲಿ ಮಹಾರಾಷ್ಟ್ರವನ್ನೇ ಕಲಕಿತು. ಮೊದಲು ಪರೀಕ್ಷೆ, ಆಮೇಲೆ ಇನ್ನೊಬ್ಬ ವೈದ್ಯರ ಅಭಿಪ್ರಾಯ, ಕೊನೆಗೆ ತೀರ್ಮಾನ.

ಆದರೆ ಈ ಲಕ್ಷಣಗಳಿದ್ದರೆ ಒಂದು ವಾರವೂ ಕಾಯಬಾರದು: ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ಅಥವಾ ಪತಿಯ ಸಂಪರ್ಕದ ಬಳಿಕ ರಕ್ತ ಹೋಗುವುದು, ದುರ್ವಾಸನೆಯ ಸ್ರಾವ, ಬಿಡದ ಕಿಬ್ಬೊಟ್ಟೆ ನೋವು.

ಮಗಳಿಗೆ ಲಸಿಕೆ

ಮದುವೆಗೆ ಬಹು ಮೊದಲೇ, 9ರಿಂದ 14 ವರ್ಷದೊಳಗೆ ಎಚ್.ಪಿ.ವಿ. ಲಸಿಕೆ ಹಾಕಿಸಿದರೆ ರಕ್ಷಣೆ ಹೆಚ್ಚು. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಜೀವಂತ ವೈರಸ್ ಇಲ್ಲ. ವೈರಸ್‌ನ ಹೊರಕವಚವನ್ನು ಹೋಲುವ ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿ ತೆಗೆಯುತ್ತಾರೆ. ಎಷ್ಟು ಚುಚ್ಚುಮದ್ದು ಬೇಕೆಂಬುದನ್ನು ವಯಸ್ಸು ನೋಡಿ ವೈದ್ಯರು ಹೇಳುತ್ತಾರೆ. ಲಸಿಕೆ ಎಲ್ಲ ಬಗೆಯ ಎಚ್.ಪಿ.ವಿ.ಯನ್ನೂ ತಡೆಯದ ಕಾರಣ, ಮುಂದೆ ಅವಳಿಗೂ ತಪಾಸಣೆ ಬೇಕೇ ಬೇಕು.

ಮನೆಯವರ ಕೆಲಸ

ಸೊಸೆ ತಾನಾಗಿ ಬಾಯಿ ಬಿಡಲಾರಳು. ಅತ್ತೆಯವರೇ ಅವಳನ್ನು ಜೊತೆಗೆ ಕರೆದೊಯ್ದು ಇಬ್ಬರೂ ತೋರಿಸಿಕೊಂಡು ಬರಲಿ. ಯಜಮಾನರು ಒಂದು ಮುಂಜಾನೆ ಅಂಗಡಿಯ ಬಾಗಿಲು ತಡವಾಗಿ ತೆರೆದರೆ ವ್ಯಾಪಾರ ಮುಳುಗದು. ನಮ್ಮ ಮಹಿಳಾ ಮಂಡಳಗಳು ವರ್ಷಕ್ಕೊಮ್ಮೆ ಸಮಾಜದ ಭವನದಲ್ಲಿ ಲೇಡಿ ಡಾಕ್ಟರನ್ನು ಕರೆಸಿ ಶಿಬಿರ ನಡೆಸಿದರೆ, ಒಬ್ಬಳೇ ಹೋಗಲು ನಾಚುವವಳು ಹತ್ತು ಜನರೊಡನೆ ಧೈರ್ಯವಾಗಿ ಬರುತ್ತಾಳೆ. ಮನೆಯಲ್ಲಿ 30 ದಾಟಿದ ಹೆಣ್ಣುಮಕ್ಕಳು ಎಷ್ಟು ಮಂದಿ, ಯಾರು ಎಂದು ತಪಾಸಣೆ ಮಾಡಿಸಿದ್ದರು ಎಂಬುದನ್ನು ಈ ದಿನವೇ ಬರೆದಿಡಿ. ಆ ಪಟ್ಟಿಯಲ್ಲಿ ಖಾಲಿ ಉಳಿದ ಹೆಸರೇ ನಾವು ಮೊದಲು ತೀರಿಸಬೇಕಾದ ಬಾಕಿ.